ಹತ್ತನೆಯ ತಲೆ

ಬೀರೇಶನಿಗೆ ಅವತ್ತು ಅರ್ಜೆಂಟಾಗಿ ಒಂಬತ್ತು ಜನ ಬೇಕಾಗಿದ್ದರು.

ಚಿಂತಾಮಣಿಯಲ್ಲಿ ಒಂಬತ್ತು ಲಾರಿ ಟೊಮೆಟೊ ಬೇಕೆಂದರೆ ಒಂದು ಫೋನ್ ಸಾಕು. ಆದರೆ ಗುರುವಾರ ಮಧ್ಯಾಹ್ನ, ಸುಡುಬಿಸಿಲಲ್ಲಿ, ಫೈಟೇ ಇಲ್ಲದ ಒಂದು ಕನ್ನಡ ಸಿನಿಮಾ ನೋಡಲು ಒಂಬತ್ತು ಜನ ಬೇಕೆಂದರೆ ಯಾರನ್ನು ಕೇಳುವುದು? ಅವನ ಫೋನಿನಲ್ಲಿ ನಾನೂರು ನಂಬರುಗಳಿದ್ದವು. ಎಲ್ಲವೂ ಅವನು ಕೆಲಸ ಮಾಡುವ ಜೆರಾಕ್ಸ್ ಅಂಗಡಿಯ ಗಿರಾಕಿಗಳವು. 'ಪಹಣಿ ಅಂಕಲ್', 'ಪಾನ್ ಕಾರ್ಡ್ ಮೇಡಂ', 'ಲ್ಯಾಮಿನೇಷನ್ ಹುಡುಗ' ಅಂತ ಸೇವ್ ಆಗಿದ್ದವು.

ಟಾಕೀಸಿನ ಮ್ಯಾನೇಜರ್ ರಮೇಶ್‌ಬಾಬು ಟಿಕೆಟ್ ಕಿಂಡಿಯಲ್ಲಿ ಮುಖ ಇಟ್ಟುಕೊಂಡು, ಮೂರು ದಿನದಿಂದ ಹೇಳಿದ್ದನ್ನೇ ಮತ್ತೆ ಹೇಳಿದ.

"ಹತ್ತು ತಲೆ ಇದ್ರೆ ಷೋ. ಇಲ್ದಿದ್ರೆ ಇಲ್ಲ. ನೆನ್ನೆ ಮೂರು ಜನ ಬಂದಿದ್ರು, ಅದ್ರಲ್ಲಿ ಒಬ್ರು ಬಾತ್‌ರೂಮ್‌ಗೆ ಬಂದಿದ್ದು."

"ಹತ್ತು ಟಿಕೆಟ್ಟೂ ನಾನೇ ತಗೋತೀನಿ ಸಾರ್."

"ತಗೊಂಡು? ಒಂಬತ್ತು ಕುರ್ಚಿಗೆ ಪಿಕ್ಚರ್ ತೋರ್ಸ್ಲಾ? ಖಾಲಿ ಕುರ್ಚಿಗೆ ಪಿಕ್ಚರ್ ಓಡ್ಸಿದ್ರೆ ಮುಂದಿನ ಪಿಕ್ಚರ್ ಮಲ್ಕೊಂಬಿಡುತ್ತೆ ಕಣಪ್ಪ. ನಮ್ಮ ತಂದೆ ಕಾಲದಿಂದ ನೋಡಿದೀವಿ. ನಾಳೆ ದೊಡ್ಡ ತೆಲುಗು ಪಿಕ್ಚರ್ ಬರ್ತಾ ಇದೆ, ನಿನ್ನೊಬ್ಬನಿಗೋಸ್ಕರ ಅದನ್ನ ಮಲಗಿಸ್ಲಾ?"

"ಸಾರ್, ಇವತ್ತೇ ಲಾಸ್ಟ್ ದಿನ."

"ಅದಕ್ಕೇ ಹೇಳ್ತಿರೋದು. ಎರಡೂವರೆಗೆ ತಲೆ ಎಣಿಸ್ತೀನಿ. ಹೋಗು, ಹುಡುಕು."

ಸಿನಿಮಾದ ಹೆಸರು 'ತಿರುವಿನ ಅಂಗಡಿ'. ಹೀರೋ ಯಾರೋ ಹೊಸಬ. ಬೀರೇಶನಿಗೆ ಹೀರೋ ಬೇಕಿರಲಿಲ್ಲ, ಕತೆಯೂ ಬೇಕಿರಲಿಲ್ಲ. ಅವನಿಗೆ ಬೇಕಾಗಿದ್ದು ಒಂದೇ ಒಂದು ಹಾಡು.

ಅವನು ತನ್ನೂರು ತೊಂಡೇಬಾವಿಯಲ್ಲಿ ಮೂರನೇ ಕ್ಲಾಸಿನಲ್ಲಿದ್ದಾಗ ಟೀವಿಯಲ್ಲಿ ಸಂಜೆ ಐದಕ್ಕೆ ಒಂದು ಕಾರ್ಟೂನ್ ಬರುತ್ತಿತ್ತು. ಮಳೆ ಕಂಡರೆ ಹೆದರುವ ಒಂದು ಕಪ್ಪೆ, ಊರೂರು ತಿರುಗಿ ಛತ್ರಿ ರಿಪೇರಿ ಮಾಡುತ್ತಿತ್ತು. ಕಪ್ಪೆಗೆ ಜೊತೆಗಾರರು ಯಾರೂ ಇರಲಿಲ್ಲ. ಪ್ರತಿ ಕತೆಯ ಕೊನೆಯಲ್ಲೂ ಊರವರು ರಿಪೇರಿಯಾದ ಛತ್ರಿ ಹಿಡಿದು ಮನೆಗೆ ಹೋಗುತ್ತಿದ್ದರು, ಕಪ್ಪೆ ಮುಂದಿನ ಊರಿಗೆ ಹೋಗುತ್ತಿತ್ತು. ಆಗ ಇಪ್ಪತ್ತೇ ಸೆಕೆಂಡು ಒಂದು ಟ್ಯೂನ್ ಬರುತ್ತಿತ್ತು ನೋಡಿ. ಒಂದು ನಾದಸ್ವರ, ಹಿಂದೆ ತಗಡಿನ ಡಬ್ಬದ ಮೇಲೆ ಹನಿ ಬಿದ್ದ ಹಾಗೆ ತಾಳ. ಆ ಇಪ್ಪತ್ತು ಸೆಕೆಂಡಿಗೋಸ್ಕರ ಬೀರೇಶ ಸ್ಕೂಲಿನಿಂದ ಓಡಿ ಬರುತ್ತಿದ್ದ. ಕಾರ್ಟೂನ್ ನಿಂತು ಇಪ್ಪತ್ತು ವರ್ಷವಾಯಿತು. ಯೂಟ್ಯೂಬಿನಲ್ಲಿ ಎಷ್ಟು ಅಗೆದರೂ ಸಿಕ್ಕಿರಲಿಲ್ಲ. ಈಗ ಅದೇ ಸಂಗೀತಗಾರ, ಇಷ್ಟು ವರ್ಷದ ಮೇಲೆ, ಮೊದಲ ಸಲ ಒಂದು ಸಿನಿಮಾಕ್ಕೆ ಸಂಗೀತ ಕೊಟ್ಟಿದ್ದರು. ಕಪ್ಪೆಯ ಟ್ಯೂನನ್ನೇ ಬೆಳೆಸಿ ಆರು ನಿಮಿಷದ ಹಾಡು ಮಾಡಿದ್ದೀನಿ, ಸೆಕೆಂಡ್ ಹಾಫಿನಲ್ಲಿ ಬರುತ್ತೆ, ಆಡಿಯೋ ಬಿಡುಗಡೆ ಮಾಡೋಕೆ ಯಾರೂ ಮುಂದೆ ಬರಲಿಲ್ಲ ಅಂತ ಎಲ್ಲೋ ಒಂದು ಇಂಟರ್‌ವ್ಯೂನಲ್ಲಿ ಹೇಳಿದ್ದರು. ಆ ಇಂಟರ್‌ವ್ಯೂಗೆ ಅರವತ್ತೆರಡು ವ್ಯೂಸ್ ಇದ್ದವು. ಅರ್ಧ ಬೀರೇಶನವೇ.

ಈ ಕತೆಯನ್ನು ಅವನು ಯಾರಿಗೆ ಹೇಳಲು ಹೋದರೂ ಅವರಿಗೆ ಅದೇ ಕ್ಷಣ ಏನೋ ಕೆಲಸ ನೆನಪಾಗುತ್ತಿತ್ತು. ಇಯರ್‌ಫೋನಿನ ಒಂದು ತುದಿ ಸದಾ ಅವನ ಕಿವಿಯಲ್ಲಿ, ಇನ್ನೊಂದು ತುದಿ ಯಾರಿಗಾದರೂ ಕೊಡೋಣ ಅಂತ ಎದೆಯ ಮೇಲೆ. ಅವನು ಚಿಂತಾಮಣಿಗೆ ಬಂದ ಮೂರು ವರ್ಷದಿಂದ ಅದು ಅಲ್ಲೇ ನೇತಾಡುತ್ತಿತ್ತು.

ಜೆರಾಕ್ಸ್ ಅಂಗಡಿಯ ಯಜಮಾನರು ಹುಸೇನ್ ಸಾಬ್ ಬೆಳಿಗ್ಗೆಯೇ ಹೆಂಡತಿ ಜಾನ್ ಬೀಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ನೆಂಟರ ಮನೆಗೆ ಹೋಗಿದ್ದರು. "ಸಾಯಂಕಾಲ ಬರ್ತೀನಿ. ಶಟರ್ ಬಿತ್ತು ಅಂದ್ರೆ ನೀನು ಬಿದ್ದೆ ಅಂತ ತಿಳ್ಕೋ," ಅಂತ ಹೇಳಿ ಹೋಗಿದ್ದರು. ಹನ್ನೆರಡೂವರೆಗೆ ಬೀರೇಶ ಶಟರ್ ಎಳೆದ. ಸಾಬ್ ಫೋನ್ ಮಾಡಿಬಿಟ್ಟರೆ ಅಂತ ಮೊಬೈಲನ್ನೂ ಸ್ವಿಚ್ ಆಫ್ ಮಾಡಿದ.

ಮೊದಲು ಹೋಗಿದ್ದು ತನ್ನ ರೂಮಿನ ಓನರ್ ವರಲಕ್ಷ್ಮಿ ಹತ್ತಿರ. ಅವರು ಅಂಗಳದಲ್ಲಿ ತಂಗಿ ಜ್ಯೋತಿಲಕ್ಷ್ಮಿಯ ಜೊತೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

"ಅಕ್ಕ, ಸಿನಿಮಾಕ್ಕೆ ಬರ್ತೀರಾ? ಟಿಕೆಟ್ ನಂದೇ."

ಇಬ್ಬರ ಕೈಯೂ ನಿಂತಿತು. ವರಲಕ್ಷ್ಮಿ ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಯಾಕಪ್ಪ, ರೂಮ್ ಖಾಲಿ ಮಾಡ್ತಾ ಇದೀಯಾ?"

"ಇಲ್ಲ ಅಕ್ಕ."

"ಮದ್ವೆ ಗೊತ್ತಾಯ್ತಾ?"

"ಇಲ್ಲ ಅಕ್ಕ, ಒಂದು ಹಾಡಿದೆ ಅದ್ರಲ್ಲಿ..."

"ಅಳೋ ಪಿಕ್ಚರಾ?" ಎಂದು ಜ್ಯೋತಿಲಕ್ಷ್ಮಿ ನಡುವೆ ಬಾಯಿ ಹಾಕಿದಳು. "ಅಳೋದಿದ್ರೆ ಬರ್ತೀನಿ. ಸೀರಿಯಲ್‌ನೋರು ಈಗ ಸರಿಯಾಗಿ ಅಳ್ಸೋದೇ ಇಲ್ಲ."

ಬೀರೇಶ ಸಿನಿಮಾ ನೋಡಿರಲಿಲ್ಲ. ಆದರೂ "ಅಳ್ತೀರ ಅಕ್ಕ, ಗ್ಯಾರಂಟಿ," ಅಂದ. ಜ್ಯೋತಿಲಕ್ಷ್ಮಿ ಪೀಯೂಸಿ ಓದುವ ಮಗಳು ತನುಜಳನ್ನೂ ಕರೆದಳು. ತನುಜ ಮೊಬೈಲಿನಿಂದ ಕಣ್ಣು ತೆಗೆಯದೆ, "ಅಲ್ಲಿ ನೆಟ್‌ವರ್ಕ್ ಸಿಗುತ್ತಾ?" ಎಂದು ಕೇಳಿ ಚಪ್ಪಲಿ ಹಾಕಿಕೊಂಡಳು. ಮೂರು ತಲೆ.

ಮುಂದಿನ ಬೀದಿಯ ಅರಳಿಕಟ್ಟೆಯಲ್ಲಿ ರಿಟೈರ್ಡ್ ಬಸ್ ಕಂಡಕ್ಟರ್ ಮುರಳಿಮೋಹನ್ ನಾಲ್ವರು ಗೆಳೆಯರ ಜೊತೆ ಚೌಕಾಬಾರ ಆಡುತ್ತಿದ್ದರು. ಅವರ ಮನೆಮಾತು ತೆಲುಗು.

"ಫೈಟ್ಲು ಉನ್ನಾಯಾ?" ಎಂದು ಕವಡೆ ಉರುಳಿಸುತ್ತಲೇ ಕೇಳಿದರು.

"ಒಂದು ಫೈಟ್ ಇದೆ ಅಂಕಲ್," ಎಂದು ಬೀರೇಶ ಬಾಯಿಗೆ ಬಂದದ್ದು ಹೇಳಿದ.

"ಒಂದೇನಾ? ಎಷ್ಟು ಜನದ ಜೊತೆ?"

"ತುಂಬಾ ಜನ ಅಂಕಲ್. ಒಳಗೆ ಫ್ಯಾನ್ ಇದೆ."

ಫೈಟಿಗಿಂತ ಫ್ಯಾನ್ ಕೆಲಸ ಮಾಡಿತು. ಐವರೂ ಎದ್ದರು. ಮುರಳಿಮೋಹನ್ ಮೂವತ್ತು ವರ್ಷದ ಅಭ್ಯಾಸಬಲದಿಂದ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ತೋರುಬೆರಳಿನಲ್ಲಿ ಎಣಿಸಿ, "ಎಂಟು, ನೀನು ಒಂಬತ್ತು. ರೈಟ್ ರೈಟ್," ಅಂದರು.

ಮೆರವಣಿಗೆ ಟಾಕೀಸಿಗೆ ಬಂದಾಗ ಎರಡೂಕಾಲು. ರಮೇಶ್‌ಬಾಬು ಕಿಂಡಿಯಿಂದ ಎಣಿಸಿದ.

"ಒಂಬತ್ತು."

"ಸಾರ್, ಒಂದು ತಾನೇ ಕಮ್ಮಿ."

"ಒಂದು ಕಮ್ಮಿ ಅಂದ್ರೆ ಕಮ್ಮಿನೇ. ಒಳಗೆ ಕೂರಿಸಿರ್ತೀನಿ. ಮೂರು ಗಂಟೆವರೆಗೂ ಟೈಮ್ ಕೊಡ್ತೀನಿ. ಆಮೇಲೆ ಗೇಟ್ ತೆಗೆದು ಎಲ್ಲಾರನ್ನೂ ಕಳಿಸ್ಬಿಡ್ತೀನಿ."

ವರಲಕ್ಷ್ಮಿ ಅಷ್ಟರಲ್ಲೇ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. "ಏನಪ್ಪ ಬೀರೇಶ, ಬಿಸಿಲಲ್ಲಿ ನಡೆಸ್ಕೊಂಡು ಬಂದು ಪಿಕ್ಚರ್ ಇಲ್ಲ ಅಂದ್ಬಿಟ್ರೆ ಸುಮ್ನಿರಲ್ಲ ನೋಡು ನಾನು."

ಬೀರೇಶ ಹತ್ತನೆಯ ತಲೆ ಹುಡುಕಿಕೊಂಡು ಓಡಿದ. ಟೀ ಅಂಗಡಿಯಲ್ಲಿ ಕೇಳಿದ, ಆಟೋ ಸ್ಟ್ಯಾಂಡಿನಲ್ಲಿ ಕೇಳಿದ. ಒಬ್ಬ ಆಟೋದವನು, "ಸಿನಿಮಾ ನೋಡೋಕೆ ಎಷ್ಟು ಕೊಡ್ತೀಯ?" ಎಂದ. ಕೊನೆಗೆ ತನ್ನ ಅಂಗಡಿಯ ಮುಂದೆಯೇ ಬಂದು ನಿಂತ. ಮುಚ್ಚಿದ ಶಟರಿನ ಮೆಟ್ಟಿಲ ಮೇಲೆ ಆಗತಾನೇ ಬಂದು ಕೂತಿದ್ದ ಗಂಗುಲಮ್ಮ ಅವನ ಕೈ ಹಿಡಿದುಕೊಂಡಳು. ಎಪ್ಪತ್ತು ದಾಟಿದ ಮುದುಕಿ, ಶಿಡ್ಲಘಟ್ಟದ ಕಡೆಯಿಂದ ಎರಡು ಬಸ್ ಹತ್ತಿ ಬಂದಿದ್ದಳು.

"ಅಪ್ಪ, ಪಿಂಚಣಿದು ಬೆರಳು ಒತ್ಬೇಕಂತೆ. ಇವತ್ತೇ ಕಡೇ ದಿನ ಅಂತೆ. ನಿಮ್ಮ ಮಿಷನ್ನಲ್ಲಿ ಒತ್ತಿಸ್ಕೊಡಪ್ಪ."

"ಅಜ್ಜಿ, ಸಿನಿಮಾ ನೋಡ್ತೀರಾ?" ಎಂದ ಬೀರೇಶ.

ಇಂಥ ಪ್ರಶ್ನೆಯನ್ನು ಗಂಗುಲಮ್ಮನಿಗೆ ಯಾರಾದರೂ ಕೇಳಿ ಬಹಳ ದಿನವಾಗಿತ್ತು.

"ಇದೊಂದು ಮಾಡ್ಕೊಡು ಸ್ವಾಮಿ. ಆಮೇಲೆ ನೀನು ಎಲ್ಲಿಗೆ ಕರೆದ್ರೆ ಅಲ್ಲಿಗೆ ಬರ್ತೀನಿ."

ಐದು ನಿಮಿಷದ ಕೆಲಸ. ಬೀರೇಶ ಶಟರ್ ಎತ್ತಿದ, ಕಂಪ್ಯೂಟರ್ ಹಾಕಿದ, ಬೆರಳಿನ ಮಿಷನ್ ಮುಂದಿಟ್ಟ. ಗಂಗುಲಮ್ಮ ಹೆಬ್ಬೆರಳು ಒತ್ತಿದಳು. ಕೆಂಪು ದೀಪ. ಮತ್ತೆ ಒತ್ತಿದಳು. ಕೆಂಪು ದೀಪ. ತೋರುಬೆರಳು, ಕೆಂಪು. ನಡುಬೆರಳು, ಕೆಂಪು.

"ಬೆರಳಲ್ಲಿ ಗೆರೆನೇ ಇಲ್ವಲ್ಲ ಅಜ್ಜಿ."

"ಎಲ್ಲಿಂದ ಬರುತ್ತಪ್ಪ? ನಲವತ್ತು ವರ್ಷ ಕುದಿಯೋ ನೀರಿಗೆ ಕೈ ಹಾಕಿ ಗೂಡಿಂದ ರೇಷ್ಮೆ ನೂಲು ತೆಗ್ದಿದೀನಿ. ಗೆರೆಯೆಲ್ಲಾ ನೂಲಿನ ಜೊತೆಲೇ ಹೋಯ್ತು."

ಬೀರೇಶ ಅವಳ ಬೆರಳುಗಳನ್ನು ಕರ್ಚೀಫಿನಲ್ಲಿ ಒರೆಸಿದ. ಮೂಲೆಯ ಅಂಗಡಿಯಿಂದ ಕೊಬ್ಬರಿ ಎಣ್ಣೆ ತಂದು ಸವರಿದ. ಬಲಗೈ ಮುಗಿಯಿತು, ಎಡಗೈ ಶುರುವಾಯಿತು. ನಡುವೆ ಸರ್ವರ್ ಗಾಣದ ಎತ್ತಿನ ಹಾಗೆ ಸುತ್ತತೊಡಗಿತು. ಶಟರ್ ಎತ್ತಿದ್ದು ನೋಡಿ ಹಿಂದೆ ಇನ್ನೂ ಆರು ಜನ ಬಂದು ನಿಂತರು. ಗೋಡೆಯ ಗಡಿಯಾರ ಮೂರು ದಾಟಿತು. ಹತ್ತನೆಯದು, ಎಡಗೈಯ ಕಿರುಬೆರಳು. ಅದಕ್ಕೆ ಹಸಿರು ದೀಪ ಹತ್ತಿದಾಗ ಮೂರೂಕಾಲು.

"ನಡಿಯಪ್ಪ ಸಿನಿಮಾಕ್ಕೆ," ಎಂದು ಗಂಗುಲಮ್ಮ ಸೆರಗು ಸರಿಮಾಡಿಕೊಂಡು ಎದ್ದಳು.

"ಮುಗೀತು ಅಜ್ಜಿ. ಹತ್ತು ಜನ ಇಲ್ದೆ ಷೋ ಇಲ್ಲ. ಎಲ್ಲಾರೂ ಬೈಕೊಂಡು ಮನೆಗೆ ಹೋಗಿರ್ತಾರೆ."

"ಒಂದ್ಸಲ ಹೋಗಿ ನೋಡಣ ಬಾ. ಇಲ್ಲೇ ಅಲ್ವಾ."

ಬಿಸಿಲಲ್ಲಿ ನಡೆಸಿಕೊಂಡು ಹೋಗಿ ಕೂರಿಸಿ ಬಂದ ಎಂಟು ಜನರ ಮುಖ ಬೀರೇಶನ ಕಣ್ಣ ಮುಂದೆ ಬಂತು. ಊರಿನಲ್ಲಿ ಅವನನ್ನು ಮಾತಾಡಿಸುವವರೇ ಎಂಟೋ ಹತ್ತೋ ಜನ, ಅವರನ್ನೂ ಇವತ್ತು ಕಳೆದುಕೊಂಡಂತಾಯಿತು. ಫೋನ್ ಆನ್ ಮಾಡಲೂ ಧೈರ್ಯವಾಗಲಿಲ್ಲ. "ಬೇಡ ಅಜ್ಜಿ," ಅಂದ. ಗಂಗುಲಮ್ಮ ಅವನ ತಲೆ ಸವರಿ, ಅಂಗೈಯ ಎಣ್ಣೆಯನ್ನೆಲ್ಲ ಅವನ ಕೂದಲಿಗೆ ಹಚ್ಚಿ, ಬಸ್ಸಿಗೆ ಹೋದಳು. ಅವನು ಸಾಲಿನಲ್ಲಿದ್ದವರ ಆಧಾರ್ ಜೆರಾಕ್ಸ್ ಮಾಡುತ್ತ ಕೂತ.

ಐದೂಕಾಲಿಗೆ ಬೀದಿಯ ತಿರುವಿನಲ್ಲಿ ಅವರು ಕಾಣಿಸಿದರು. ಮುಂದೆ ಮುರಳಿಮೋಹನ್, ಹಿಂದೆ ಎಲ್ಲರೂ. ನೇರವಾಗಿ ಅಂಗಡಿಗೇ ಬರುತ್ತಿದ್ದರು. ಅವರ ನಡುವೆ ಹುಸೇನ್ ಸಾಬ್ ಸ್ಕೂಟರ್ ತಳ್ಳಿಕೊಂಡು, ಪಕ್ಕದಲ್ಲಿ ಜಾನ್ ಬೀ. ಬೀರೇಶ ಕೂತಲ್ಲಿಂದಲೇ ಕೈ ಮುಗಿದ.

"ಅಕ್ಕ, ತಪ್ಪಾಯ್ತು. ಸಾಬ್ರೆ, ಎರಡೇ ಗಂಟೆ ಮುಚ್ಚಿದ್ದು. ಷೋ ಆಗ್ಲಿಲ್ಲ ಅಂತ ಗೊತ್ತು ಅಂಕಲ್..."

"ಯಾರೋ ಹೇಳಿದ್ದು ಆಗ್ಲಿಲ್ಲ ಅಂತ?" ಎಂದರು ಮುರಳಿಮೋಹನ್.

ವರಲಕ್ಷ್ಮಿಯ ಕಣ್ಣು ಕೆಂಪಾಗಿತ್ತು. ಜ್ಯೋತಿಲಕ್ಷ್ಮಿ ಇನ್ನೂ ಮೂಗು ಒರೆಸುತ್ತಿದ್ದಳು.

"ಎರಡೂವರೆಗೆ ಬೇಗ ಬಂದೆ," ಎಂದು ಹುಸೇನ್ ಸಾಬ್ ಸ್ಟೂಲಿನ ಮೇಲೆ ಕೂತು ಹೇಳಿದರು. "ಶಟರ್ ಬಿದ್ದಿದೆ. ಫೋನ್ ಆಫ್. ಎದುರಂಗಡಿಯವನು ಸಿನಿಮಾಕ್ಕೆ ಹೋದ ಅಂದ. ಒದ್ದು ಎಳ್ಕೊಂಡು ಬರ್ತೀನಿ ಅಂತ ಟಾಕೀಸಿಗೆ ಹೋದ್ರೆ, ಟಿಕೆಟ್ ಇಲ್ದೆ ಬಿಡಲ್ಲ ಅಂದ ಆ ಮ್ಯಾನೇಜರ್. ಇವಳನ್ನ ಬಿಸಿಲಲ್ಲಿ ನಿಲ್ಸೋಕಾಗುತ್ತಾ? ಎರಡು ತಗೊಂಡೆ. ಒಳಗೆ ಹೋಗಿ ಕೂತೆ, ನೀನು ಬಂದ್ರೆ ಕತ್ತು ಹಿಡಿಯೋಣ ಅಂತ."

"ಅವರಿಬ್ರು ಬಂದ ತಕ್ಷಣ ನಾನು ಎಣಿಸ್ದೆ," ಎಂದರು ಮುರಳಿಮೋಹನ್. "ಸರಿಯಾಗಿ ಹತ್ತು. ಅಲ್ಲಿಂದಾನೇ ರೈಟ್ ಅಂದೆ, ಶುರು ಮಾಡ್ದ. ನೀನಿಲ್ದೇನೇ ಹತ್ತಾಗೋಯ್ತು ಕಣಯ್ಯ."

ಬೀರೇಶ ಫೋನ್ ತೆಗೆದು ಆನ್ ಮಾಡಿದ.

"ನಿಂಗೆ ಆರು ಸಲ ಫೋನ್ ಮಾಡ್ದೆ," ಎಂದಳು ತನುಜ. ಮೊದಲ ಸಲ ಅವಳ ಮೊಬೈಲ್ ಕೈಯಲ್ಲಿರಲಿಲ್ಲ. "ಬೀರೇಶಣ್ಣ, ಆ ಸೆಕೆಂಡ್ ಹಾಫ್ ಸಾಂಗು... ಅಯ್ಯೋ, ಹೆಂಗೆ ಹೇಳ್ಲಿ."

"ನಾದಸ್ವರ ಬರುತ್ತಲ್ವಾ? ತಗಡಿನ ಮೇಲೆ ಹನಿ ಬಿದ್ದಂಗೆ..." ಎಂದು ಬೀರೇಶ ಎದ್ದು ನಿಂತ. "ಅದು ಒಂದು ಕಾರ್ಟೂನಿದು. ಒಂದು ಕಪ್ಪೆ..."

"ನೀನು ನೋಡಿಲ್ವಲ್ಲಪ್ಪ," ಎಂದು ವರಲಕ್ಷ್ಮಿ ಪ್ರೀತಿಯಿಂದಲೇ ತಡೆದರು. "ನೋಡ್ದೋರಿಗೆ ಅದು ಗೊತ್ತಾಗೋದು. ಅಂಗಡಿ ಬಾಗ್ಲು ಮುಚ್ಚೋವಾಗ ಬರುತ್ತಲ್ಲ ಜ್ಯೋತಿ, ಅಲ್ಲಿ ನಂಗೆ ನಮ್ಮಪ್ಪನೇ ಕಂಡಂಗಾಯ್ತು."

"ನಂಗೆ ನಮ್ಮ ಡಿಪೋ," ಎಂದರು ಮುರಳಿಮೋಹನ್. ಫೈಟ್ ಎಲ್ಲಿ ಅಂತ ಅವರು ಕೇಳಲೇ ಇಲ್ಲ.

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ನಾದಸ್ವರ ಮೊದಲು ಬಂತೋ ಡಬ್ಬ ಮೊದಲು ಬಂತೋ ಅಂತ ಜಗಳವಾಯಿತು. ಮೂರು ವರ್ಷದಿಂದ ಬೀರೇಶ ಯಾರ ಜೊತೆ ಆಡಬೇಕೆಂದು ಕಾದಿದ್ದನೋ ಅದೇ ಮಾತು, ಅವನ ಮುಂದೆಯೇ, ಅವನನ್ನು ಬಿಟ್ಟು ಹತ್ತು ಜನರ ನಡುವೆ ನಡೆಯುತ್ತಿತ್ತು. ಎರಡು ಸಲ ನಡುವೆ ತೂರಲು ನೋಡಿದ. "ಸ್ವಲ್ಪ ತಾಳಪ್ಪ," ಅಂದರು.

"ಸಂಜೆ ಇನ್ನೊಂದು ಷೋ ಹಾಕ್ಸೋಣ್ವಾ?" ಎಂದು ಕೇಳಿದ. "ನೀವೆಲ್ಲಾ ಬಂದ್ರೆ ಹನ್ನೊಂದು ಜನ ಆಗ್ತೀವಿ."

"ಬ್ಯಾನರ್ ಇಳ್ಸಾಯ್ತು," ಎಂದ ಒಬ್ಬ ಗೆಳೆಯ. "ನಾವು ಬರೋವಾಗ್ಲೇ ತೆಲುಗುದು ಕಟ್ತಾ ಇದ್ರು."

ಹುಸೇನ್ ಸಾಬ್ ಅವನ ಭುಜದ ಮೇಲೆ ಕೈಯಿಟ್ಟರು. ಬೈಗುಳ ಬರುತ್ತದೆ ಅಂದುಕೊಂಡ. ಬರಲಿಲ್ಲ.

"ಅರೆ ಬೀರೇಶ್, ಬೇಜಾರ್ ಮಾಡ್ಕೋಬೇಡ. ಆ ಹಾಡು ನಂಗೆ ಪೂರ್ತಿ ಬರುತ್ತೆ. ಕೇಳು."

ಜಾನ್ ಬೀ "ಬೇಡ" ಎನ್ನುವಷ್ಟರಲ್ಲಿ ಅವರು ಕಣ್ಣು ಮುಚ್ಚಿ ಶುರು ಮಾಡಿಬಿಟ್ಟಿದ್ದರು. ಜೆರಾಕ್ಸ್ ಮಿಷನ್ನಿನ ಮೇಲೆ ತಾಳ, ಮೂಗಿನಲ್ಲಿ ನಾದಸ್ವರ. ಸಾಲು ಮರೆತಲ್ಲಿ ಖವ್ವಾಲಿ ಸೇರಿಸಿದರು. ಅದರ ಮೇಲೆ ಮುರಳಿಮೋಹನ್ ತೆಲುಗಿನಲ್ಲಿ ಗುನುಗಿದರು. ಇಪ್ಪತ್ತು ವರ್ಷ ಕಾದ ಹಾಡನ್ನು ಬೀರೇಶ ಮೊದಲ ಸಲ ಕೇಳಿದ್ದು ಹೀಗೆ, ಆರು ನಿಮಿಷ ಪೂರ್ತಿ, ಒಂದು ಸ್ವರವೂ ತನ್ನ ಜಾಗದಲ್ಲಿಲ್ಲದೆ.

"ಹೆಂಗಿದೆ?" ಎಂದು ಸಾಬ್ ಕಣ್ಣು ಬಿಟ್ಟರು.

"ಚೆನ್ನಾಗಿದೆ ಸಾಬ್ರೆ," ಅಂದ ಬೀರೇಶ.

ಮಾತು ಮುಗಿದಿರಲಿಲ್ಲವಾದ್ದರಿಂದ ಎಲ್ಲರೂ ಟೀ ಕುಡಿಯಲು ಹೊರಟರು. ಹುಸೇನ್ ಸಾಬ್ ಹೋಗುತ್ತ ತಿರುಗಿ, "ಇನ್ನೂ ನಾಲ್ಕು ಜನ ಕಾಯ್ತಾ ಇದಾರೆ, ಅವರ ಕೆಲಸ ಮುಗಿಸ್ಕೊಂಡು ಬಾ," ಅಂದರು. ಅವನು ಮುಗಿಸಿ ಹೋಗುವಷ್ಟರಲ್ಲಿ ಟೀ ಅಂಗಡಿಯ ಬೆಂಚು ಖಾಲಿಯಾಗಿತ್ತು. ಅದರ ಮೇಲೆ ಕುಡಿದಿಟ್ಟ ಹತ್ತು ಲೋಟಗಳಿದ್ದವು.