ಚೀನಾದವರ ವಂಶವೃಕ್ಷದಲ್ಲಿ ನಮ್ಮಜ್ಜಿ

ಮೂವತ್ತು ವರ್ಷ ಗ್ರಾಮ ಲೆಕ್ಕಾಧಿಕಾರಿಯಾಗಿ ಶಿಡ್ಲಘಟ್ಟದ ಸುತ್ತಮುತ್ತ ಕಂಡವರ ಮನೆಯ ವಂಶವೃಕ್ಷ ಬರೆದವಳು ನಾನು. ಯಾರು ಯಾರಿಗೆ ಏನಾಗಬೇಕು ಅನ್ನೋ ಗೋಜಲು ರಿಟೈರಾದ ದಿನಕ್ಕೆ ಮುಗಿಯಿತು ಅಂದುಕೊಂಡು ಹಾರ ಹಾಕಿಸಿಕೊಂಡು ಮನೆಗೆ ಬಂದೆ. ಅದು ನನಗಿಂತ ಮುಂಚೆ ಆಟೋ ಹತ್ತಿ ಮನೆಯಲ್ಲಿ ಬಂದು ಕೂತಿತ್ತು.

ಹೆಸರು: ಮೃತ

ಗೌರಿಬಿದನೂರಿನಲ್ಲಿ ನಮ್ಮ ಸೋದರತ್ತೆ ಇದ್ದಾರೆ. ನಮ್ಮಪ್ಪನ ತಂಗಿ, ಎಂಬತ್ತು ದಾಟಿದವರು. ಓದು ಬಾರದು, ನಾಲಿಗೆ ಮಾತ್ರ ಚುರುಕು. ಒಂದು ದಿನ ಫೋನ್ ಮಾಡಿ, "ಊರೋರ ವಂಶವೃಕ್ಷ ಎಲ್ಲಾ ಬರ್ದೆ. ನಮ್ದು ಯಾವಾಗಮ್ಮ ಬರೀತೀಯ?" ಅಂದರು.

ಮನೆಯಲ್ಲಿದ್ದ ಹಳೇ ವಂಶವೃಕ್ಷದ ಕಾಗದ ತಗೊಂಡು ಹೋಗಿ ಅವರ ಮುಂದೆ ಓದಿದೆ. ತಾತನ ಹೆಸರು ಬಂತು. ಅದರ ಪಕ್ಕದಲ್ಲಿ ಬರೆದದ್ದನ್ನೂ ಓದಿದೆ: "ಪತ್ನಿ, ಮೃತ."

ಅತ್ತೆ ಕೇಳಿದರು, "ನಮ್ಮಮ್ಮನ ಹೆಸರು ಮೃತ ಅಂತಾನಾ?"

ಹೆಸರು ಗೊತ್ತಿಲ್ಲದ ಎಷ್ಟು ಹೆಂಗಸರನ್ನು ನಾನೇ ನನ್ನ ಕೈಯಾರೆ ಹೀಗೆ ಬರೆದು ಸೀಲು ಒತ್ತಿದ್ದೀನೋ ಲೆಕ್ಕವಿಲ್ಲ.

ಅಜ್ಜಿ ಚಿಂತಾಮಣಿಯಿಂದ ಬಂದ ಸೊಸೆ. ನಮ್ಮ ಕಡೆ ಸೊಸೆಯರನ್ನು ತವರೂರಿನ ಹೆಸರಲ್ಲೇ ಕರೆಯುತ್ತಿದ್ದರು, ಹಾಗಾಗಿ ಊರಿಗೆಲ್ಲ ಚಿಂತಾಮಣಮ್ಮ. ಅತ್ತೆಗೆ ನಾಲ್ಕು ವರ್ಷ ಆಗಿದ್ದಾಗ ತೀರಿಕೊಂಡರು. ನಿಜವಾದ ಹೆಸರು ಗೊತ್ತಿದ್ದವರು ಒಬ್ಬೊಬ್ಬರಾಗಿ ಹೋದರು, ಕೊನೆಗೆ ನಮ್ಮಪ್ಪನೂ. ಹೆತ್ತವಳ ಹೆಸರು ಹಿಡಿದು ಹೇಳಬಾರದು ಅನ್ನೋನು ಅವನು, ಅತ್ತೆ ಎಷ್ಟು ಕೇಳಿದರೂ ಹೇಳಿರಲಿಲ್ಲ.

"ಮುಖ ಅಂತೂ ಗ್ಯಾಪ್ಕ ಇಲ್ಲ," ಅಂದರು ಅತ್ತೆ. "ಕಣ್ಣು ಮುಚ್ಚೋಕೆ ಮುಂಚೆ ಹೆಸರಾದ್ರೂ ಗೊತ್ತಾಗ್ಲಿ. ನಾನು ಮೇಲೆ ಹೋದಾಗ ಯಾರನ್ನ ಅಂತ ಕೇಳ್ಲಿ? ಮೃತ ಅವ್ರೆ ಅಂತ ಕೂಗಿದ್ರೆ ಅಲ್ಲಿರೋರೆಲ್ಲ ತಿರುಗಿ ನೋಡ್ತಾರೆ."

ಅಣ್ಣನ ಮದುವೆ ಮುರಿದ ಕಂಪ್ಯೂಟರ್

ಈ ಸಲ ಸರಿಯಾಗೇ ಬರೆಯೋಣ ಅಂತ ಲ್ಯಾಪ್‌ಟಾಪಿನಲ್ಲಿ ಸಾಫ್ಟ್‌ವೇರ್ ಹುಡುಕಿದೆ. ಮೊದಲು ಸಿಕ್ಕಿದ್ದು ಬಿಟ್ಟಿಯದು, ಇಂಗ್ಲಿಷಿನದು. ಅದಕ್ಕೆ ಗೊತ್ತಿದ್ದದ್ದು ಒಂದೇ ಸಂಬಂಧ, ಅಂಕಲ್. ದೊಡ್ಡಪ್ಪ ಅಂಕಲ್, ಚಿಕ್ಕಪ್ಪ ಅಂಕಲ್, ಸೋದರಮಾವ ಅಂಕಲ್, ಅತ್ತೆಯ ಗಂಡನೂ ಅಂಕಲ್. ಮದುವೆ ಮನೆಯಲ್ಲಿ ಹೀಗೆ ಕರೆದಿದ್ದರೆ ಅರ್ಧ ಜನ ಊಟ ಬಿಟ್ಟು ಎದ್ದು ಹೋಗುತ್ತಿದ್ದರು.

ಅದನ್ನೂ ಸಹಿಸಿಕೊಂಡೆ. ಆಮೇಲೆ ಅಣ್ಣನ ಸರದಿ ಬಂತು. ಅಣ್ಣ ಮದುವೆಯಾಗಿರೋದು ನಮ್ಮ ದೊಡ್ಡಕ್ಕನ ಮಗಳನ್ನ. ನಮ್ಮಲ್ಲಿ ಅಕ್ಕನ ಮಗಳೆಂದರೆ ಮಾವನಿಗೆ ಅಂತಲೇ ಲೆಕ್ಕ. ಇಬ್ಬರ ನಡುವೆ ಗೆರೆ ಎಳೆದೆ. ಪರದೆ ಕೆಂಪಗಾಯಿತು. 'ಈ ಸಂಬಂಧ ಸಾಧ್ಯವಿಲ್ಲ, ದಯವಿಟ್ಟು ಸರಿಪಡಿಸಿ' ಅಂತ ಬಂತು. ಮೂರು ಸಲ ಎಳೆದರೂ ಅದೇ ಮಾತು.

ಅಣ್ಣ ಹಿಂದೆ ನಿಂತು ನೋಡುತ್ತಿದ್ದವನು ಕನ್ನಡಕ ಏರಿಸಿಕೊಂಡು ಓದಿ ಹೇಳಿದ, "ನೋಡು, ಮಿಷನ್ನಿಗೆ ಮೂರು ನಿಮಿಷದಲ್ಲಿ ಗೊತ್ತಾಯ್ತು. ನಂಗೆ ಮೂವತ್ತೈದು ವರ್ಷ ಬೇಕಾಯ್ತು."

ಒಳಗಿಂದ ಅತ್ತಿಗೆ ಅಂದಳು, "ದಯವಿಟ್ಟು ಸರಿಪಡಿಸಿ ಅಂತಾನೂ ಹೇಳ್ತಲ್ಲ, ಅದನ್ನ ಓದ್ಲಿಲ್ವಾ ಮಾವ?"

ಬೈಯೋದಕ್ಕೆ ಬಾರದ ಹೆಸರು

ಎರಡನೆಯ ಸಾಫ್ಟ್‌ವೇರ್ ದುಡ್ಡು ಕೊಟ್ಟು ತಗೊಂಡದ್ದು. ಅದು ಹೆಸರಿಲ್ಲದ ಮನುಷ್ಯರನ್ನು ಒಳಗೇ ಸೇರಿಸಲಿಲ್ಲ. ಅಜ್ಜಿಯ ಹೆಸರಿನ ಜಾಗ ಖಾಲಿ ಬಿಟ್ಟರೆ ಮುಂದಕ್ಕೇ ಹೋಗುತ್ತಿರಲಿಲ್ಲ. ಅದಕ್ಕೂ ಅತ್ತೆಗೂ ಒಂದೇ ಹಟ.

ಆ ಹೊತ್ತಿಗೆ ಪಕ್ಕದ ಬೀದಿಯ ರೀಲರ್ ಸಾಹೇಬರು ರೇಷ್ಮೆ ನೂಲು ತೆಗೆಯೋಕೆ ಚೀನಾದಿಂದ ಹೊಸ ಮಿಷನ್ ತರಿಸಿದ್ದರು. ಕೂರಿಸಿಕೊಡಲು ಅಲ್ಲಿಂದ ಒಬ್ಬ ಮೆಕ್ಯಾನಿಕ್ ಬಂದಿದ್ದ. ಸಾಹೇಬರು ಬಿರಿಯಾನಿಗೆ ನನ್ನನ್ನೂ ಕರೆದರು. ನಾನು ತಿನ್ನೋದು ಮೊಸರನ್ನ ಅಂತ ಅವರಿಗೆ ಗೊತ್ತು, ಅವರ ಮನೆಯವರು ಅದನ್ನೇ ಮಾಡಿಟ್ಟಿದ್ದರು. ಮೆಕ್ಯಾನಿಕ್ ಫೋನಿಗೆ ಮಾತಾಡಿದರೆ ಅದು ಇಂಗ್ಲಿಷಿನಲ್ಲಿ ಹೇಳುತ್ತಿತ್ತು, ಸಾಹೇಬರು ಅದನ್ನು ಕನ್ನಡ ಮಾಡುತ್ತಿದ್ದರು.

ಊಟ ಆದ ಮೇಲೆ ಅವನು ತನ್ನ ಮನೆತನದ ಪುಸ್ತಕ ತೋರಿಸಿದ. ಇಪ್ಪತ್ತು ತಲೆಮಾರು ಫೋನಿನಲ್ಲೇ ಇತ್ತು. ಅವರಿಗಾಗಿಯೇ ಮಾಡಿದ ಸಾಫ್ಟ್‌ವೇರ್ ಅಂತೆ, ಇಂಗ್ಲಿಷಿನಲ್ಲೂ ಸಿಗುತ್ತಂತೆ. ನಾನು ಕಣ್ಣರಳಿಸಿ ನೋಡಿದೆ. ದೊಡ್ಡಪ್ಪನಿಗೆ ಒಂದು ಮಾತು, ಚಿಕ್ಕಪ್ಪನಿಗೆ ಒಂದು, ಸೋದರಮಾವನಿಗೆ ಬೇರೆಯೇ. ಅಷ್ಟು ದೂರದಲ್ಲಿ ಯಾರೋ ನಮ್ಮ ಮನೆಯವರನ್ನೆಲ್ಲ ನೋಡಿಯೇ ಮಾಡಿದ ಹಾಗಿತ್ತು.

ಒಂದರಲ್ಲಿ ಮಾತ್ರ ನಮಗೂ ಅವರಿಗೂ ಎಣ್ಣೆ ಸೀಗೆಕಾಯಿ. ಅವರು ಹಿರಿಯರ ಹೆಸರನ್ನು ಮಕ್ಕಳಿಗೆ ಇಡುವುದಿಲ್ಲ, ಅದು ಹಿರಿಯರಿಗೆ ಅವಮಾನವಂತೆ. ನಮ್ಮಲ್ಲಿ ತಾತನ ಹೆಸರೇ ಮೊಮ್ಮಗನಿಗೆ, ಅದೇ ಮರ್ಯಾದೆ ಅಂದೆ. ಅವನಿಗೆ ನಂಬಿಕೆ ಬರಲಿಲ್ಲ. "ಹಂಗಾದ್ರೆ ಹುಡುಗ ತುಂಟಾಟ ಮಾಡಿದ್ರೆ ಹೆಂಗೆ ಬೈತಾರೆ ಅಂತ ಕೇಳ್ತಾ ಇದಾನೆ ಮೇಡಂ," ಅಂದರು ಸಾಹೇಬರು.

ನನಗೆ ನಮ್ಮಮ್ಮ ಕಣ್ಣಿಗೆ ಕಟ್ಟಿದಳು. ಅಣ್ಣನಿಗೆ ತಾತನ ಹೆಸರು. ಸೊಸೆಯಾದವಳು ಮಾವನ ಹೆಸರು ಹೇಳುವ ಹಾಗಿಲ್ಲ. ಅಣ್ಣ ಹುಳುವಿನ ತಟ್ಟೆಗೆ ಕಾಲಿಟ್ಟು ರೇಷ್ಮೆ ಹುಳುಗಳನ್ನೆಲ್ಲ ನೆಲಕ್ಕೆ ಚೆಲ್ಲಿದ ದಿನ ಅಮ್ಮ ಸೆರಗು ಹೊದ್ದು ಹಿಪ್ಪುನೇರಳೆ ಕಡ್ಡಿ ಹಿಡಿದು ಅವನ ಹಿಂದೆ ಓಡಿದ್ದಳು. ಓಡುತ್ತಾ ಅವಳು ಕೂಗಿದ್ದು ಇಷ್ಟೇ: "ಅಯ್ಯನೋರೇ, ದಯಮಾಡಿ ನಿಂತ್ಕೊಳಿ, ನಿಮ್ಮ ಕಾಲು ಮುರೀತೀನಿ."

ಭಾಗ ಕೇಳೋರು

ಚೀನಾದ ಸಾಫ್ಟ್‌ವೇರನ್ನೇ ಆರಿಸಿಕೊಂಡೆ. ಅದು ಅಣ್ಣನ ಮದುವೆಗೆ ಒಂದು ಸಲ ಹುಬ್ಬೇರಿಸಿ, ನಾನು ಹೌದು ಅಂದ ಮೇಲೆ ಸುಮ್ಮನಾಯಿತು. ಅಜ್ಜಿಗೂ ದಾರಿ ಇತ್ತು. ಹೆಂಡತಿಯ ಹೆಸರು ಗೊತ್ತಿಲ್ಲದಿದ್ದರೆ 'ಇಂಥ ಮನೆತನದವಳು' ಅಂತ ಬರೆದರೆ ಸಾಕು, ಅಲ್ಲಿನ ಹಳೇ ಪುಸ್ತಕಗಳಲ್ಲಿ ಹಾಗೇ ಇರುತ್ತದಂತೆ. ಖುಷಿಯಿಂದ ಅತ್ತೆಗೆ ಹೇಳಿದೆ.

"ಅಲ್ಲೂ ಹೆಂಗಸ್ರಿಗೆ ಹೆಸರಿಲ್ವಾ?" ಅಂದರು ಅತ್ತೆ. "ಬೇಡ. ಅವರ ಮನೆ ಹೆಂಗಸ್ರನ್ನ ಅವರು ಬಿಟ್ಕೊಳ್ಲಿ. ನಮ್ಮಮ್ಮನ್ನ ನಾನು ಬಿಡಲ್ಲ. ಚಿಂತಾಮಣಿಗೆ ಹೋಗ್ಬಾ."

ಹೋದೆ. ಅಜ್ಜಿಯ ತವರುಮನೆಯಲ್ಲಿ ಈಗ ಇರೋದು ಅಜ್ಜಿಯ ತಮ್ಮನ ಮೊಮ್ಮಗ, ತರಕಾರಿ ಮಂಡಿ ಇಟ್ಟಿರೋನು. ಬಾಗಿಲು ತೆಗೆದದ್ದು ಅವನ ಹೆಂಡತಿ. "ವಂಶವೃಕ್ಷ ಮಾಡಿಸ್ತಾ ಇದೀನಮ್ಮ," ಅಂತ ಶುರು ಮಾಡಿದ್ದೇ ತಪ್ಪಾಯಿತು. ನಮ್ಮ ತಾಲ್ಲೂಕುಗಳಲ್ಲಿ ಈ ಮಾತಿಗೆ ಇರೋದು ಒಂದೇ ಅರ್ಥ, ಆಸ್ತಿಯಲ್ಲಿ ಭಾಗ. ಅವಳ ಮುಖ ಅಲ್ಲೇ ಬಾಡಿತು. ಬಾಗಿಲು ಅರ್ಧ ಮುಚ್ಚಿಕೊಂಡು ಗಂಡನಿಗೆ ತೆಲುಗಿನಲ್ಲಿ ಫೋನ್ ಮಾಡಿದಳು.

"ನಂಗೆ ಬೇಕಾಗಿರೋದು ಅಜ್ಜಿ ಹೆಸರು ಮಾತ್ರ," ಅಂದೆ.

"ಹೆಸರಿಗೆ ಮಾತ್ರ ಅಂತ ಬಂದೋರೇ ಕಣಮ್ಮ ಮೂರೆಕರೆ ಬರೆಸ್ಕೊಂಡು ಹೋಗೋದು," ಅಂದಳು.

ಅಷ್ಟರಲ್ಲಿ ಒಳಗೆ ಹಾಸಿಗೆಯಲ್ಲಿದ್ದ ಅವಳ ಗಂಡನ ಅಜ್ಜಿ, ಅಂದರೆ ನಮ್ಮಜ್ಜಿಯ ತಮ್ಮನ ಹೆಂಡತಿ, ಯಾರದು ಅಂತ ಕೇಳಿದರು. ನನ್ನನ್ನು ಹತ್ತಿರ ಕೂರಿಸಿಕೊಂಡು, ಗಲ್ಲ ಸವರಿ ಹೇಳಿದರು. "ನಾನು ಈ ಮನೆಗೆ ಬರೋ ಹೊತ್ಗೆ ಆಯಮ್ಮ ಇರ್ಲಿಲ್ಲ. ಅಕ್ಕ ಅಂತಾನೇ ಎಲ್ಲ ಅಂತಾ ಇದ್ದಿದ್ದು. ಹೆಸರು ಬಿಂದಿಗೆ ಮೇಲೆ ಹಾಕ್ಸಿ ಕೊಟ್ವಿ, ಮಗಳ ಜೊತೆಗೇ ಹೊರಟೋಯ್ತು ಅಂತ ನಮ್ಮತ್ತೆ ಹೇಳೋರು. ಆ ಬಿಂದಿಗೆ ಎಲ್ಲಿದೆಯೋ ಹುಡ್ಕಮ್ಮ."

ಅದು ಎಲ್ಲಿದೆ ಅಂತ ನನಗೆ ಗೊತ್ತಿತ್ತು. ಗೌರಿಬಿದನೂರಿಗೆ ಹೋದಾಗೆಲ್ಲ ಅದರ ನೀರಲ್ಲೇ ನಾನು ಸ್ನಾನ ಮಾಡುತ್ತಿದ್ದದ್ದು.

ಬಿಂದಿಗೆ

ಅತ್ತೆಯ ಮದುವೆಯಲ್ಲಿ ತಾತ ಅವರಿಗೆ ಕೊಟ್ಟದ್ದು ನಮ್ಮಜ್ಜಿಯ ಹಿತ್ತಾಳೆ ಬಿಂದಿಗೆ. ಬಂದ ವರ್ಷವೇ ಅದು ನೀರೊಲೆ ಏರಿತು. ಅರವತ್ತು ವರ್ಷದ ಮಸಿ ಹಿಡಿದು ಹಿತ್ತಾಳೆಯೋ ಕಬ್ಬಿಣವೋ ಗೊತ್ತಾಗದ ಹಾಗಿತ್ತು. ಅತ್ತೆ ಹುಣಿಸೆಹಣ್ಣು, ಉಪ್ಪು, ತೆಂಗಿನ ನಾರು ತಂದು ಕೂತರು. ನಾನು ತಿಕ್ಕುತ್ತೇನೆ ಅಂದರೂ ಬಿಡಲಿಲ್ಲ. ಕತ್ತಿನ ಕೆಳಗೆ ಒಂದೊಂದೇ ಚುಕ್ಕಿ ಎದ್ದಿತು. ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಹೊಡೆದ ಅಕ್ಷರ.

"ಇದು ಬಳ್ಳಿ ಡಿಸೈನು ಅಂದ್ಕೊಂಡಿದ್ದೆ ಕಣೇ," ಅಂದರು ಅತ್ತೆ. "ಓದು."

ಓದಿದೆ. ಮತ್ತೆ ಓದಿದೆ.

ನನ್ನ ಹೆಸರಿನ ವಿಷಯ ಇಲ್ಲಿ ಹೇಳಲೇಬೇಕು. ನನ್ನ ತಂಗಿಯರು ಉಷಾ, ಶೋಭಾ. ನಾನು ಪಿಳ್ಳಮ್ಮ. ಶಾಲೆಯಲ್ಲಿ ಪಿಳ್ಳೆ ಅಂತ ರೇಗಿಸುತ್ತಿದ್ದರು. ಆಫೀಸಿನಲ್ಲಿ ಯಾರಿಗೂ ತಿಳಿಯದ ಹಾಗೆ ಸೊನ್ನೆ ಸುತ್ತಿದಂತೆ ಸಹಿ ಮಾಡುತ್ತಿದ್ದೆ. ನಂಗ್ಯಾಕೆ ಇಂಥ ಹೆಸರು ಅಂತ ಅಪ್ಪನ ಮೇಲೆ ಎಷ್ಟು ಸಲ ಎಗರಾಡಿದ್ದೇನೆ. "ಯಾರೋ ದೊಡ್ಡೋರ ಹೆಸರು, ಇರ್ಲಿ ಬಿಡಮ್ಮ," ಅನ್ನುತ್ತಿದ್ದ. ಇಟ್ಟವನು ತಾನು ಒಂದು ದಿನವೂ ಆ ಹೆಸರು ಹಿಡಿದು ಕರೆಯಲಿಲ್ಲ. ತಂಗಿಯರನ್ನು ಉಷಾ, ಶೋಭಾ ಅನ್ನುವನು. ನನ್ನನ್ನು ಮಾತ್ರ ಅಮ್ಮಾ. ನಮ್ಮ ಕಡೆ ಹೆಣ್ಣುಮಕ್ಕಳನ್ನು ಎಲ್ಲರೂ ಅಮ್ಮ ಅಂತಾರೆ, ನಾನೂ ಹಾಗೇ ಅಂದುಕೊಂಡು ಅರವತ್ತು ವರ್ಷ ಕಳೆದೆ.

"ಪಿಳ್ಳಮ್ಮ ಅಂತ ಇದೆ ಅತ್ತೆ," ಅಂದೆ.

ಅತ್ತೆ ಹುಣಿಸೆಹಣ್ಣಿನ ಕೈಯಲ್ಲೇ ಬಿಂದಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಆ ಚುಕ್ಕಿಗಳ ಮೇಲೆ ಬೆರಳಾಡಿಸಿದರು. ಅತ್ತರು. ನಾನೂ ಅತ್ತುಬಿಟ್ಟೆ. ನಮ್ಮಪ್ಪನ ಮೇಲೆ ಎಗರಾಡಿದ್ದಕ್ಕೆಲ್ಲ ಸೇರಿಸಿ ಅತ್ತೆ.

ಆಮೇಲೆ ಅತ್ತೆ ಮೂಗು ಒರೆಸಿಕೊಂಡು, "ಹೂಂ, ಬರಿ," ಅಂದರು.

ಲ್ಯಾಪ್‌ಟಾಪ್ ತೆಗೆದು, ಖಾಲಿ ಇದ್ದ ಜಾಗದಲ್ಲಿ ಅಜ್ಜಿಯ ಹೆಸರು ತುಂಬಿದೆ. ಚೀನಾದ ಸಾಫ್ಟ್‌ವೇರ್ ಯೋಚನೆಗೆ ಬಿತ್ತು. ಹಿರಿಯರ ಹೆಸರನ್ನು ಕಿರಿಯರಿಗೆ ಇಡುವುದು ಅದರ ಕನಸಿನಲ್ಲೂ ಇಲ್ಲವಲ್ಲ. 'ಈ ಹೆಸರಿನವರು ಮನೆತನದಲ್ಲಿ ಆಗಲೇ ಇದ್ದಾರೆ. ಇಬ್ಬರೂ ಒಬ್ಬರೇನಾ?' ಅಂತ ಕೇಳಿತು. ಕೆಳಗೆ ಎರಡು ಗುಂಡಿ, ಹೌದು ಮತ್ತು ಅಲ್ಲ.

"ಏನಂತೆ?" ಅಂದರು ಅತ್ತೆ. ಓದಿ ಹೇಳಿದೆ.

"ಹೌದು ಅನ್ನು. ನಿಮ್ಮಪ್ಪನೂ ಅದನ್ನೇ ಹೇಳ್ತಾ ಇದ್ದಿದ್ದು."

ಮೂವತ್ತು ವರ್ಷದ ಸರ್ವೀಸಿನಲ್ಲಿ ಗೊತ್ತಿದ್ದೂ ತಪ್ಪು ದಾಖಲೆ ಬರೆದವಳಲ್ಲ ನಾನು. ಹೌದು ಅಂತ ಒತ್ತಿದೆ. ಪರದೆಯ ಮೇಲಿದ್ದ ಗೆರೆಗಳೆಲ್ಲ ಎದ್ದು ಓಡಾಡಿ ಬೇರೆ ಕಡೆ ಕೂತವು. ನಾನು ಸರಕ್ಕನೆ ಮೇಲೆ ಹೋಗಿ ತಾತನ ಪಕ್ಕದಲ್ಲಿ ನಿಂತಿದ್ದೆ. ನಮ್ಮಪ್ಪ ನನ್ನ ಮಗನಾಗಿದ್ದ. ಅವನ ಪಕ್ಕದಲ್ಲಿ, ನನ್ನ ಕೆಳಗೆ, ಮಗಳು ಅನ್ನೋ ಜಾಗದಲ್ಲಿ ಅತ್ತೆಯ ಹೆಸರಿತ್ತು.

ಬೆರಳಿಟ್ಟು ತೋರಿಸಿದೆ. "ಇದು ನೀವು. ಇದು ನಾನು. ಈಗ ನೀವು ನನ್ನ ಮಗಳು."

ಎಂಬತ್ತು ದಾಟಿದ ಅತ್ತೆ ಪರದೆಯನ್ನೂ ನನ್ನನ್ನೂ ಎರಡು ಮೂರು ಸಲ ನೋಡಿದರು. ಬಿಂದಿಗೆಯನ್ನು ಪಕ್ಕಕ್ಕಿಟ್ಟು, ಗೋಡೆಗೆ ಒರಗಿ, ಕಾಲು ಚಾಚಿ ಕೂತರು.

"ಅಮ್ಮಾ, ಹಸಿವಾಗ್ತಾ ಇದೆ," ಅಂದರು. "ಮುದ್ದೆ ಮಾಡು."