ಒಂಚೂರೂ ಸಂಕಟವಿಲ್ಲ

ಮಧುಗಿರಿಯ ಅಡವಯ್ಯನಿಗೆ ಒಂದು ವಿಷಯದಲ್ಲಿ ಅನುಮಾನವೇ ಇರಲಿಲ್ಲ. ಮಿಡಿಗೇಶಿಯ ಜಯರಾಮಯ್ಯನನ್ನು ಕಂಡರೆ ತನಗೆ ಆಗುವುದಿಲ್ಲ. ಒಂದು ಕಾಲಕ್ಕೆ ಇಬ್ಬರೂ ಜೀವದ ಗೆಳೆಯರು. ಜಯರಾಮಯ್ಯ ತನ್ನ ಮಗಳ ಮದುವೆಯಲ್ಲಿ, ಬೀಗರಿಗೆ ಜಾಗ ಸಾಲದೆಂದು, ಎಲೆಯ ಮುಂದೆ ಕೂತಿದ್ದ ಅಡವಯ್ಯನನ್ನು ಎಬ್ಬಿಸಿ ಎರಡನೇ ಪಂಕ್ತಿಗೆ ಕಳಿಸಿದ್ದ. ಅಂದಿಗೇ ಮಾತು ನಿಂತಿತು.

ಹಾಗಾಗಿ ಬೆಳಿಗ್ಗೆ ಪಕ್ಕದ ಮನೆಯ ಇಂದ್ರಮ್ಮ ಕಾಂಪೌಂಡಿನ ಮೇಲಿಂದ ಬಗ್ಗಿ, "ಅಡವಯ್ಯಣ್ಣ, ಜಯರಾಮಯ್ಯ ಹೋಗ್ಬುಟ್ರಂತೆ" ಎಂದಾಗ ಅವನು ದೋಸೆ ಮುರಿಯುವುದನ್ನು ನಿಲ್ಲಿಸಲಿಲ್ಲ.

"ಹೋಗ್ಲಿ ಬುಡಮ್ಮ. ಹೋಗೋರ್ನ ಯಾರು ತಡೀತಾರೆ."

"ಒಳಗೆ ಸಂಕಟ ಆಗ್ತಾ ಐತೆ ನಿಮ್ಗೆ."

"ನನ್ನ ಮನಸು ನಂಗೆ ಗೊತ್ತಿಲ್ವಾ? ಒಂಚೂರೂ ಇಲ್ಲ."

"ದೋಸೇನ ಕಾಫಿಗೆ ಅದ್ದುತಾ ಇದ್ದೀರಿ" ಎಂದಳು ಹೆಂಡತಿ ಮಹಾಲಕ್ಷ್ಮಮ್ಮ.

ತನಗೇನೂ ಆಗಿಲ್ಲವೆಂದು ತೋರಿಸಲೆಂದೇ ಅಡವಯ್ಯ ಒಂದು ಹಾರ ಕೊಂಡು ಮಿಡಿಗೇಶಿ ಬಸ್ಸು ಹತ್ತಿದ. ಇಂದ್ರಮ್ಮನೂ ಹತ್ತಿದಳು. ಹತ್ತಿದವಳು ಬಸ್ಸಿಗೆಲ್ಲ ಸುದ್ದಿ ಹಂಚಿದಳು. ಯಾರೋ ಎದ್ದು ಸೀಟು ಬಿಟ್ಟರು. ಒಬ್ಬ ಮುದುಕಿ ಅವನ ಬೆನ್ನು ಸವರಿ, "ಅತ್ಬುಡು ಮಗ, ಹಗುರಾಗ್ತದೆ" ಎಂದಳು. ಅವನು ಇಲ್ಲವೆಂದಷ್ಟೂ ಬಸ್ಸಿನಲ್ಲಿ ಮರುಕ ಹೆಚ್ಚಿತು.

ಜಯರಾಮಯ್ಯನ ಮನೆಯ ಮುಂದೆ ಶಾಮಿಯಾನ, ಜನ, ಹೂವಿನಲ್ಲಿ ಮುಳುಗಿದ ಹೆಣ. ಹಾರ ಹಾಕಿ ನೆಟ್ಟಗೆ ಹಿಂದಿರುಗುವುದೆಂದು ಅಡವಯ್ಯನ ಲೆಕ್ಕ. ಆದರೆ ಮುಖ ನೋಡಲು ಧೈರ್ಯ ಬರಲಿಲ್ಲ. ಕಾಲ ಬಳಿಯೇ ಕುಸಿದ. ಸಾವಿರ ಅಡಿ ಕೊರೆದ ಬೋರ್‌ವೆಲ್‌ನಲ್ಲಿ ಇದ್ದಕ್ಕಿದ್ದಂತೆ ನೀರು ಚಿಮ್ಮಿದ ಹಾಗೆ ಅಳು ನುಗ್ಗಿತು.

"ಜಯರಾಮ, ಎರಡ್ನೇ ಪಂಕ್ತಿ ಏನ್ಲಾ, ಎಂಜಲೆಲೆ ಎತ್ತು ಅಂದಿದ್ರೂ ಎತ್ತುತಿದ್ದೆ. ಏಳ್ಲಾ."

ಹೆಂಗಸರು ಮತ್ತೊಂದು ಸುತ್ತು ಅತ್ತರು. ಅಳುತ್ತಲೇ ಅಡವಯ್ಯನಿಗೆ ಹೊಳೆಯಿತು: ತಾನು ಇಷ್ಟು ವರ್ಷ ದ್ವೇಷವೆಂದುಕೊಂಡಿದ್ದು ಬರೀ ಪ್ರೀತಿ. ಈಗ ಅದರಲ್ಲಿ ಎಳ್ಳಷ್ಟೂ ಅನುಮಾನವಿಲ್ಲ.

ಹೆಗಲ ಮೇಲೆ ಕೈ ಬಿತ್ತು.

"ಏಳ್ಲಾ ಅಡವಯ್ಯ. ಹೋಗಿದ್ದು ನಮ್ಮ ಭಾವ. ರಾಯಚರ್ಲಿಂದ ನಮ್ಮನೆಗೆ ಬಂದಿದ್ರು."

ಜಯರಾಮಯ್ಯ ಒದ್ದೆ ಕಣ್ಣಿನಲ್ಲಿ ನಿಂತಿದ್ದ.

ಅಡವಯ್ಯ ಸಂತೋಷಕ್ಕಾಗಿ ಕಾದ. ಅದು ಬರಲಿಲ್ಲ. ಇವನ ಕಣ್ಣೆದುರಿಗೇ ಅತ್ತುಬಿಟ್ಟೆನಲ್ಲ ಎಂಬ ಉರಿ ಬಂತು. ಅದರ ಹಿಂದೆಯೇ, ಇವನೇ ಹೋಗಿದ್ದರೆ ಈ ಫಜೀತಿ ಇರುತ್ತಿರಲಿಲ್ಲ ಎಂಬ ಯೋಚನೆ ಕಳ್ಳಬೆಕ್ಕಿನ ಹಾಗೆ ಸುಳಿಯಿತು. ನಾಚಿಕೆಯಿಂದ ಅವನ ಕಿವಿಯವರೆಗೂ ಬಿಸಿಯೇರಿತು.

ಜಯರಾಮಯ್ಯ ಅವನನ್ನು ಬಾಚಿ ತಬ್ಬಿಕೊಂಡ. "ನನ್ ಮೇಲೆ ಇಷ್ಟು ಜೀವ ಮಡಿಕೊಂಡಿದ್ದೀಯ ಅಂತ ಗೊತ್ತೇ ಇರಲಿಲ್ಲ ಕಣ್ಲಾ. ತಿಥಿ ಮುಗೀಲಿ, ವಾರಕ್ಕೊಂದ್ಸಲ ನಿಮ್ಮನೆಗೇ ಬತ್ತೀನಿ."

ಅಡವಯ್ಯ ತಲೆ ಎತ್ತಲಿಲ್ಲ. ದುಃಖ ಇನ್ನೂ ಇಳಿದಿಲ್ಲವೆಂದು ಇಂದ್ರಮ್ಮ ಒಂದು ಸೋಡಾ ತರಿಸಿದಳು.