ಹನ್ನೆರಡು ದಬ್ಬಳದ ಸ್ಕ್ವಾಡ್ರನ್

ವಾರಕ್ಕೆ ಎರಡು ಲಾರಿ ಶುಂಠಿ, ಸೀಸನ್ ಮುಗಿಯುವ ತನಕ. ಕಣ್ಣೂರಿನ ಸಗಟು ವ್ಯಾಪಾರಿಗೂ ನನಗೂ ಆದ ಮಾತು ಇಷ್ಟು. ಷರತ್ತು ಒಂದೇ: ಚೀಲದೊಳಗೆ ಇನ್ನೊಂದು ದಬ್ಬಳ ಸಿಕ್ಕಿದರೆ ವ್ಯಾಪಾರ ಅಲ್ಲಿಗೇ ಬಂದ್. ದಬ್ಬಳ ಅಂದರೆ ಚೀಲದ ಬಾಯಿ ಹೊಲಿಯುವ ಗೇಣುದ್ದದ ಸೂಜಿ. ಹೋದ ವರ್ಷ ಒಂದು ದಬ್ಬಳ ಶುಂಠಿಯ ಜೊತೆ ಘಾಟಿ ಇಳಿದು ಅವರ ಆಳಿನ ಅಂಗೈಗೆ ಚುಚ್ಚಿಕೊಂಡಿತ್ತು. ಪಿರಿಯಾಪಟ್ಟಣದಲ್ಲಿ ಮಂಡಿ ಇಟ್ಟು ಮೂವತ್ತು ವರ್ಷವಾಯಿತು, ಇಂಥದ್ದು ಒಂದಲ್ಲ ಒಂದು ಆಗುತ್ತಲೇ ಇರುತ್ತದೆ.

ದಬ್ಬಳ ಕಾಯುವುದಕ್ಕೆಂದೇ ಒಬ್ಬರನ್ನು ಇಟ್ಟುಕೊಂಡೆ. ವಯಸ್ಸು ಎಪ್ಪತ್ತೈದು ದಾಟಿದೆ. ಬಾಂಗ್ಲಾ ಯುದ್ಧದಲ್ಲಿ ಬಾಂಬರ್ ಸ್ಕ್ವಾಡ್ರನ್ನಿನಲ್ಲಿದ್ದವರು, ವಿಮಾನಕ್ಕೆ ಬಾಂಬು ಏರಿಸುವ ಕೆಲಸ. ಹಮಾಲಿಗಳು ಏರ್‌ಫೋರ್ಸ್ ತಾತ ಅನ್ನುತ್ತಾರೆ, ನಾನು ಅಣ್ಣ ಅನ್ನುತ್ತೇನೆ. ಸಂಬಳ ಕೊಡುವವನು ನಾನು, ಹೆದರುವವನೂ ನಾನೇ.

ನೆರಳಿನ ಬೋರ್ಡು

ಬಂದ ದಿನವೇ ಒಂದು ಪ್ಲೈವುಡ್ ಹಲಗೆ ಕೇಳಿದರು. ಅದರ ಮೇಲೆ ಹನ್ನೆರಡು ದಬ್ಬಳದ ಆಕಾರವನ್ನು ಕರಿ ಬಣ್ಣದಲ್ಲಿ ಬರೆದು, ಒಂದೊಂದರ ಮೇಲೂ ಒಂದೊಂದು ಮೊಳೆ ಹೊಡೆದರು. ಸ್ಕ್ವಾಡ್ರನ್ನಿನಲ್ಲಿ ಪ್ರತಿ ಸ್ಪ್ಯಾನರಿಗೂ ಹೀಗೆ ಒಂದು ನೆರಳು ಇರುತ್ತಿತ್ತಂತೆ. ಕೆಲಸ ಮುಗಿದ ಮೇಲೆ ಯಾವುದಾದರೂ ನೆರಳು ಖಾಲಿ ಕಂಡರೆ ವಿಮಾನ ಕದಲುವ ಹಾಗಿಲ್ಲ, ಯುದ್ಧವೇ ನಡೆಯುತ್ತಿದ್ದರೂ ಸರಿ. ಕೇಳಿ ದಂಗಾದೆ. ನನ್ನ ಮಂಡಿಯಲ್ಲಿ ತಕ್ಕಡಿ ಕಳೆದುಹೋದರೂ ಎರಡು ದಿನ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಮಾರನೇ ದಿನ ಬಂದು ನೋಡಿದರೆ ಗಲ್ಲಾಪೆಟ್ಟಿಗೆಯ ಹಿಂದೆ, ನನ್ನ ಕುರ್ಚಿಯ ಸುತ್ತ ನೆಲದ ಮೇಲೂ ಗೆರೆ.

"ಇದ್ಯಾಕಣ್ಣ?"

"ಸಾವ್ಕಾರ್ರು ಅವ್ರೋ ಇಲ್ವೋ, ದೂರದಿಂದ್ಲೇ ಕಾಣ್ಲಿ ಅಂತ."

ಆರು ಬಾಂಬು, ಏಳು ಕೆಂಪು ಬಟ್ಟೆ

ಒಂದೊಂದು ಬಾಂಬಿಗೂ ನೆಲದ ಮೇಲೆ ಸಿಡಿಯದಂತೆ ಒಂದು ಪಿನ್ನು, ಪಿನ್ನಿಗೆ ಕೆಂಪು ಬಟ್ಟೆ. ಹೊರಡುವ ಮುಂಚೆ ಪಿನ್ನುಗಳನ್ನು ಕಿತ್ತು, ಮೇಲೆತ್ತಿ ಹಿಡಿದು, ಒಳಗೆ ಕೂತ ಪೈಲಟ್‌ಗೆ ತೋರಿಸಬೇಕು. ಎಣಿಕೆ ತಾಳೆಯಾದರೆ ಮಾತ್ರ ವಿಮಾನ ಮುಂದಕ್ಕೆ.

ಒಂದು ಸಂಜೆ ಆರು ಬಾಂಬು ಏರಿಸಿ ಅಣ್ಣ ಆರು ಪಿನ್ನು ತೋರಿಸಿದ್ದಾರೆ. ಪೈಲಟ್ ತಲೆ ಅಲ್ಲಾಡಿಸಿ ಏಳು ಬೆರಳು ತೋರಿಸಿದನಂತೆ. ಮತ್ತೆ ತೋರಿಸಿದರೂ ಏಳೇ. ಆ ಮನುಷ್ಯ ಇಂಜಿನ್ನೇ ಆಫ್ ಮಾಡಿಬಿಟ್ಟ. ಇವರು ತಿರುಗಿ ನೋಡಿದರೆ ಹಿಂದೆ ಅಡಿಗೆಯವನು ನಿಂತಿದ್ದಾನೆ. ಟೀ ತಂದವನು ಪೈಲಟ್‌ಗೆ ಹೋಗಿಬನ್ನಿ ಅಂತ ತನ್ನ ಕೆಂಪು ಟವಲ್ ಬೀಸುತ್ತಿದ್ದ.

ಮಾರನೇ ದಿನದಿಂದ ಅಡಿಗೆಯವನಿಗೆ ಸರ್ಕಾರಿ ಖರ್ಚಿನಲ್ಲಿ ಬಿಳಿ ಟವಲ್.

ಹೋದವರ ಲೆಕ್ಕ

ಇದೇ ಅಡಿಗೆಯವನದು ಇನ್ನೊಂದು ಪದ್ಧತಿ. ರಾತ್ರಿ ಹೋದ ವಿಮಾನಗಳು ನಸುಕಿಗೆ ವಾಪಸಾಗುತ್ತಿದ್ದವು. ಬಾಂಬು ಏರಿಸಿದವರು ಯಾರೂ ಮಲಗುತ್ತಿರಲಿಲ್ಲವಂತೆ, ಕತ್ತಲೆಯಲ್ಲಿ ಕೂತು ಇಂಜಿನ್ ಸದ್ದಿನ ಮೇಲೆ ಬಂದವರನ್ನು ಎಣಿಸುವುದು. ಇವನು ಮಾತ್ರ ಎಣಿಸುತ್ತಿರಲಿಲ್ಲ. ಎಷ್ಟು ಜನ ಹೋಗಿದ್ದರೋ ಅಷ್ಟೂ ಮೊಟ್ಟೆ ಒಡೆದು ತಟ್ಟೆ ಜೋಡಿಸುತ್ತಿದ್ದ. ಬಂದವರ ಲೆಕ್ಕಕ್ಕೆ ಕಾದು ಮೊಟ್ಟೆ ಒಡೆದವನೇ ಅಲ್ಲ.

ಒಂದು ದಿನ ಒಂದು ವಿಮಾನ ಬರಲಿಲ್ಲ. ಅದರಲ್ಲಿದ್ದ ಇಬ್ಬರ ತಟ್ಟೆ ಹಾಗೇ ಉಳಿದವು. ತೆಗೆಯುವುದಕ್ಕೆ ಯಾರಿಗೂ ಕೈ ಬರಲಿಲ್ಲ.

ನಾನು ವ್ಯಾಪಾರಸ್ಥ, ಉಳಿದ ಮಾಲು ಅಂದರೆ ನನಗೆ ನಷ್ಟ ಅಂತಲೇ ಅರ್ಥ. ಇದನ್ನು ಕೇಳಿ ತೆರೆದಿದ್ದ ಲೆಕ್ಕದ ಪುಸ್ತಕ ಮುಚ್ಚಿಟ್ಟೆ.

ಮಧ್ಯಾಹ್ನ ಇಬ್ಬರೂ ಜೀಪಿನಲ್ಲಿ ಬಂದಿಳಿದರಂತೆ, ಎಣ್ಣೆ ಸಾಲದೆ ಬೇರೆ ಕಡೆ ಇಳಿದಿದ್ದರು. ಎಲ್ಲರೂ ಓಡಿಹೋಗಿ ತಬ್ಬಿಕೊಂಡರೆ ಪೈಲಟ್ ತಟ್ಟೆ ನೋಡಿ ಮುಖ ಗಂಟಿಕ್ಕಿದ: "ನಾನು ಹಾಫ್ ಬಾಯಿಲ್ ಅಲ್ವೇನಯ್ಯ ಹೇಳಿದ್ದು?"

ಕಾಲರ್

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಸ್ಕ್ರೂಡ್ರೈವರ್ ಕತೆ. ಒಂದು ರಾತ್ರಿ ಬೋರ್ಡಿನಲ್ಲಿ ಒಂದು ನೆರಳು ಖಾಲಿ. ಹೊರಟು ನಿಂತ ವಿಮಾನದಲ್ಲಿ ಕೂತವನು ಸ್ಕ್ವಾಡ್ರನ್ನಿನ ದೊಡ್ಡ ಆಫೀಸರ್. ಸ್ಕ್ರೂಡ್ರೈವರ್ ಒಳಗೆಲ್ಲೋ ಉರುಳಿ ಸಿಕ್ಕಿಕೊಂಡರೆ ವಿಮಾನ ತಿರುಗದೆ ಬೀಳುತ್ತದೆ. ನಮ್ಮ ಅಣ್ಣನಿಗೆ ಆಗ ಇಪ್ಪತ್ತು ವರ್ಷ, ಓಡಿಹೋಗಿ ಹೇಳಿದರು. ಆಫೀಸರ್ ಇಳಿದು ಬಂದು ತಾನೂ ಟಾರ್ಚ್ ಹಿಡಿದು ಹುಡುಕಿದ. ಅರ್ಧ ಗಂಟೆ ಕಳೆದ ಮೇಲೆ ಸಿಕ್ಕಿದ್ದು ಅಣ್ಣನ ಕಾಲುಚೀಲದಲ್ಲೇ. ನೌಕರಿ ಹೋಯಿತು ಅಂತಲೇ ಇವರು ಅಂದುಕೊಂಡರೆ ಆಫೀಸರ್ ತನ್ನ ಟೀ ಲೋಟವನ್ನು ಇವರ ಕೈಗಿತ್ತು, ಹೇಳಿದೆಯಲ್ಲ, ಅಷ್ಟು ಸಾಕು ಅಂದನಂತೆ.

ಹೋದ ತಿಂಗಳು ಇನ್ನೂರು ಚೀಲ ಏರಿಸಿ, ಟಾರ್ಪಾಲು ಬಿಗಿದು, ಲಾರಿ ಹೊರಡಬೇಕು. ಬೋರ್ಡಿನಲ್ಲಿ ಹನ್ನೊಂದೇ ದಬ್ಬಳ. ಅಣ್ಣ ಚಕ್ರಕ್ಕೆ ಕಲ್ಲು ಕೊಟ್ಟು, ಎಲ್ಲವನ್ನೂ ಇಳಿಸಿ ಅಂದರು. ಕಣ್ಣೂರಿನಿಂದ ಫೋನಿನ ಮೇಲೆ ಫೋನು. ಒಂದೊಂದೇ ಚೀಲ ಬಿಚ್ಚಿ ಸುರಿದು ಹುಡುಕಿ, ಮತ್ತೆ ತುಂಬಿ ಹೊಲಿಯಬೇಕು. ಚೀಲ ಹೊಲಿಯುವ ಹೆಂಗಸರು ನನ್ನದಲ್ಲ, ನಿನ್ನದೇ ಅಂತ ಒಬ್ಬರ ಮೇಲೊಬ್ಬರು ಹಾಕುತ್ತಿದ್ದರು. ನೂರಾನಲವತ್ತು ಚೀಲ ಇಳಿದ ಮೇಲೆ ನನಗೆ ಬೆವರಿಗೆ ಕತ್ತು ತುರಿಸಿ ಕೈ ಹಿಂದಕ್ಕೆ ಹೋಯಿತು. ಕಾಲರಿನಲ್ಲಿ ಗಟ್ಟಿಯಾಗಿ ಏನೋ ಸಿಕ್ಕಿತು.

ಬೆಳಗ್ಗೆ ಬೆನ್ನು ಕೆರೆದುಕೊಳ್ಳಲು ಬೋರ್ಡಿನಿಂದ ನಾನೇ ದಬ್ಬಳ ತೆಗೆದು ಅಲ್ಲಿ ಸಿಕ್ಕಿಸಿದ್ದೆ.

ಮೂವತ್ತು ವರ್ಷದ ವ್ಯಾಪಾರಿ ಬುದ್ಧಿ ತಕ್ಷಣ ದಾರಿ ತೋರಿಸಿತು: ಬಿಚ್ಚಿದ ಚೀಲಕ್ಕೆ ಮೆಲ್ಲಗೆ ಜಾರಿಸು, ಸಿಕ್ಕಿತು ಅನ್ನು. ಆದರೆ ಆ ಚೀಲ ಹೊಲಿದವಳ ಕೂಲಿ ನಾಳೆಯಿಂದ ಇಲ್ಲ. ಮೇಲಾಗಿ ಸ್ಕ್ರೂಡ್ರೈವರ್ ಕತೆಯನ್ನು ಊರಿಗೆಲ್ಲ ಹೊಗಳಿ ಹೇಳಿದ್ದವನೂ ನಾನೇ.

"ಅಣ್ಣ, ಸಿಕ್ತು," ಅಂದೆ. "ನನ್ನ ಕಾಲರ್‌ನಲ್ಲಿತ್ತು."

ಹಮಾಲಿಗಳು ಎತ್ತಿದ ಚೀಲ ಎತ್ತಿದ ಹಾಗೇ ನಿಂತರು. ಅಣ್ಣ ದಬ್ಬಳ ಇಸಿದುಕೊಂಡು ಮೊಳೆಗೆ ಹಾಕಿದರು. ತಾವು ಅರ್ಧ ಕುಡಿದಿದ್ದ ಟೀ ಲೋಟವನ್ನು ನನ್ನ ಕೈಗಿಟ್ಟು, "ಯೋಳುದ್ರಲ್ಲ, ಅಷ್ಟು ಸಾಕು ಬುಡಿ," ಅಂದರು.

ಹಮಾಲಿ ಮೇಸ್ತ್ರಿ ಟವಲ್ ಕೊಡವಿ ನನ್ನ ಹೆಗಲ ಮೇಲೆ ಹಾಕಿದ. "ಅವ್ರಿಗೆ ಸಾಕು ಸಾವ್ಕಾರ್ರೇ. ನಮ್ಗೆ ಸಾಲ್ದು. ಬನ್ನಿ, ನೂರಾನಲ್ವತ್ತೈತೆ."

ಎಂಟನೇ ಚೀಲಕ್ಕೆ ನನ್ನ ಸೊಂಟ ಹಿಡಿಯಿತು. ಕಣ್ಣೂರಿನವನಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ನಕ್ಕು ನಕ್ಕು ಕೆಮ್ಮು ಹತ್ತಿ, ಮುಂದಿನ ಸೀಸನ್ನಿಗೂ ನಿಮ್ಮ ಮಾಲೇ ಕಳಿಸಿ ಅಂದ.

ಕೊನೆಯ ಲೆಕ್ಕ: ಲಾರಿ ನಾಲ್ಕು ಗಂಟೆ ತಡ, ಚೀಲ ಇನ್ನೂರು, ದಬ್ಬಳ ಹನ್ನೆರಡು, ವ್ಯಾಪಾರ ಎರಡು ಸೀಸನ್ನಿನದು. ಬೋರ್ಡಿನ ಮೇಲೆ ಈಗ ನೆರಳು ಹದಿಮೂರು. ಕೊನೆಯದರ ಮೊಳೆಯಲ್ಲಿ ಬೆನ್ನು ಕೆರೆಯುವ ಕೋಲು ತೂಗುತ್ತಿದೆ.